ಹಗಲುವೇಷದ ರೋಗ

ಸುಗ್ಗಿ ಮುಗಿದ ಮೇಲೆ ನಮ್ಮೂರಿಗೆ ಹಗಲುವೇಷದವರು ಬರುವ ವಾಡಿಕೆಯುಂಟು. ಒಂದು ದಿನ ರಾಮ, ಮರುದಿನ ಭೀಮ, ಇನ್ನೊಂದು ದಿನ ಪೊಲೀಸು ದಫೇದಾರ, ಹೀಗೆ ಒಬ್ಬನೇ ಮನುಷ್ಯನು ದಿನಕ್ಕೊಂದು ಬಗೆಯಾಗಿ ಬೀದಿಯಲ್ಲಿ ನಡೆದು ಬರುವನು. ಚಿಕ್ಕಂದಿನಲ್ಲಿ ನಾನು ಅವರೆಲ್ಲ ಬೇರೆ ಬೇರೆ ಜನರೆಂದೇ ನಂಬಿದ್ದೆ. ಕೊನೆಯ ದಿನ ಬಣ್ಣ ತೊಳೆದುಕೊಂಡು ಮನೆಮನೆಗೆ ಬಂದು ಕಾಳುಕಡ್ಡಿ ಕೇಳುವಾಗಲೇ ‘ಅಷ್ಟು ದಿನವೂ ಬಂದವನು ಇವನೊಬ್ಬನೇ’ ಎಂಬುದು ತಿಳಿಯುತ್ತಿತ್ತು.

ಮನುಷ್ಯನಿಗೆ ಬರುವ ರೋಗಗಳಲ್ಲಿಯೂ ಇಂತಹ ಹಗಲುವೇಷದ ರೋಗವೊಂದಿದೆ. ಅದು ಒಬ್ಬರ ಬಳಿಗೆ ಹೃದಯಾಘಾತದಂತೆ ಬರುವುದು. ಇನ್ನೊಬ್ಬರ ಬಳಿಗೆ ಪಾರ್ಶ್ವವಾಯುವಿನಂತೆ. ಮತ್ತೊಬ್ಬರ ಬಳಿಗೆ ಬರಿಯ ಹೊಟ್ಟೆನೋವಿನಂತೆ. ಅದಾಗಿಯೇ ವೇಷ ಕಳಚಲೆಂದು ಕಾದು ಕುಳಿತರೆ ಪ್ರಾಣವನ್ನೇ ತೆರಬೇಕಾದೀತು. ಇದರ ಹೆಸರು ಮಹಾಪಧಮನಿಯ ಸೀಳು. ವೈದ್ಯರು ಇದನ್ನು ‘ಅಯೋರ್ಟಿಕ್ ಡಿಸೆಕ್ಷನ್’ ಎನ್ನುವರು.

ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುವ ಬಿ.ಎ. ವಿದ್ಯಾರ್ಥಿನಿಗೆ ವೈದ್ಯಕೀಯದ ಉಸಾಬರಿ ಏಕೆ ಎಂದು ವಾಚಕರು ಕೇಳಬಹುದು. ಆ ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವಾಗಿ ನಮ್ಮ ಮನೆಯ ಸಂಗತಿಯೊಂದನ್ನು ಮೊದಲು ಹೇಳಬೇಕಾಗಿದೆ.

ನಮ್ಮ ದೊಡ್ಡಪ್ಪನವರು ಮಂಡಿಯಲ್ಲಿ ಮೂಟೆ ಹೊರುವ ಹಮಾಲಿ. ವಯಸ್ಸು ಐವತ್ತೆಂಟು. ಬಿ.ಪಿ. ಇದೆಯೆಂದು ವೈದ್ಯರು ಕೊಟ್ಟಿದ್ದ ಮಾತ್ರೆಗಳನ್ನು ಎರಡು ತಿಂಗಳು ನುಂಗಿ, ‘ಈಗ ಚೆನ್ನಾಗಿದ್ದೀನಿ, ಇನ್ಯಾಕೆ?’ ಎಂದು ಬಿಟ್ಟುಬಿಟ್ಟಿದ್ದರು. ಕಳೆದ ವರ್ಷ ಕಾರ್ತಿಕ ಮಾಸದ ಒಂದು ಬೆಳಿಗ್ಗೆ ನಲ್ಲಿಯ ಬಳಿ ಮುಖ ತೊಳೆಯುತ್ತಿದ್ದವರು ಇದ್ದಕ್ಕಿದ್ದಂತೆ ಕುಸಿದು ಕುಳಿತರು. ಮೈಯೆಲ್ಲ ಬೆವರು. ನಾನು ಓಡಿ ಹೋದಾಗ ಅವರು ಹೇಳಿದ ಮಾತು ಇದು: “ಬೆನ್ನಾಗೆ ಯಾರೋ ಕೊಡ್ಲಿ ಹಾಕ್ದಂಗಾತು ಕಣವ್ವ. ಆಮೇಕೆ ಅದು ಹಂಗೇ ಸೊಂಟಕ್ಕಿಳೀತು. ಈಗ ಈ ಬಲಗಾಲು ನಂದಲ್ಲ ಅನ್ನಂಗೈತೆ.”

ಉಳುಕಿರಬೇಕೆಂದು ದೊಡ್ಡವ್ವ ಎಣ್ಣೆ ಕಾಯಿಸಿ ತಿಕ್ಕಿದರು. ವಾಯುವೆಂದು ಪಕ್ಕದ ಮನೆಯವರು ಬೆಳ್ಳುಳ್ಳಿ ಕೊಟ್ಟರು. ಮಧ್ಯಾಹ್ನ ನೋವು ತಾನಾಗಿಯೇ ಅರ್ಧ ಇಳಿಯಿತು. ಆದರೂ ಕಾಲು ಸರಿಯಾಗಲಿಲ್ಲವಾಗಿ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. “ನೀನು ಓದಿದೋಳು, ನೀನೇ ಹೇಳವ್ವ” ಎಂದು ಎಲ್ಲರೂ ನನ್ನನ್ನು ಮುಂದೆ ಬಿಟ್ಟರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಹೊರಗೆ ನೂರು ಜನ ಸಾಲುಗಟ್ಟಿ ನಿಂತಿದ್ದರು. ಏನಾಯಿತೆಂದು ವೈದ್ಯರು ಕೇಳಿದಾಗ ನಾನು ಬಹಳ ಅಚ್ಚುಕಟ್ಟಾಗಿ, “ಮೂಟೆ ಹೊತ್ತು ಸೊಂಟ ಉಳುಕಿದೆ ಸಾರ್, ಕಾಲು ಜೋಮು ಹಿಡಿದಿದೆ” ಎಂದೆ. ಅವರು ನಾನು ಹೇಳಿದ ರೋಗಕ್ಕೆ ಔಷಧ ಕೊಟ್ಟರು. ನೋವಿನ ಸೂಜಿ ಹಾಕಿಸಿಕೊಂಡು ಮನೆಗೆ ಬಂದೆವು.

ರಾತ್ರಿ ಕಾಲು ತಣ್ಣಗಾಯಿತು. ಬೆಳಗಾಗುವ ಹೊತ್ತಿಗೆ ಬೆರಳುಗಳು ಕಪ್ಪಿಟ್ಟವು. ಜಿಲ್ಲಾ ಕೇಂದ್ರಕ್ಕೆ ಕರೆದೊಯ್ದಾಗ ಅಲ್ಲಿಯ ವೈದ್ಯೆಯೊಬ್ಬರು ನನ್ನನ್ನು ಏನನ್ನೂ ಕೇಳಲಿಲ್ಲ. ದೊಡ್ಡಪ್ಪನ ಎರಡು ಪಾದಗಳನ್ನೂ ಮುಟ್ಟಿ ನೋಡಿದರು. ಎರಡು ತೊಡೆಯ ಸಂದುಗಳಲ್ಲಿಯೂ ನಾಡಿ ಹಿಡಿದರು. ತೋಳುಗಳಲ್ಲಿಯೂ ಕಾಲುಗಳಲ್ಲಿಯೂ ಬಿ.ಪಿ. ಅಳೆದರು. “ಯಜಮಾನರೆ, ನೋವು ಶುರುವಾದಾಗ ಏನು ಮಾಡುತ್ತಿದ್ದಿರಿ? ಎಲ್ಲಿ ಶುರುವಾಯಿತು? ಆಮೇಲೆ ಎಲ್ಲಿಗೆ ಹೋಯಿತು?” ಎಂದು ಅವರನ್ನೇ ಕೇಳಿದರು. ದೊಡ್ಡಪ್ಪ ಕೊಡಲಿಯ ಮಾತನ್ನು ಪುನಃ ಹೇಳಿದರು. ಅರ್ಧ ಗಂಟೆಯಲ್ಲಿ ಸ್ಕ್ಯಾನ್ ಆಯಿತು. ಅಂದೇ ಬೆಂಗಳೂರಿಗೆ ಕಳುಹಿಸಿದರು. ಪ್ರಾಣ ಉಳಿಯಿತು. ಬಲಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ.

ಬಿಡುಗಡೆಯ ಕಾಗದವನ್ನು ಓದಿ ಹೇಳುವ ಕೆಲಸವೂ ನನ್ನದೇ ಆಯಿತು. ಅದರಲ್ಲಿ ‘ಡಿಸೆಕ್ಷನ್’ ಎಂಬ ಮಾತಿತ್ತು. ಆ ಮಾತನ್ನು ನಾನು ಕೇಳಿದ್ದುದು ಹೈಸ್ಕೂಲಿನಲ್ಲಿ ಮಾತ್ರ, ಕಪ್ಪೆಯನ್ನು ಕೊಯ್ಯುವ ಪಾಠದಲ್ಲಿ. ದೊಡ್ಡಪ್ಪನನ್ನು ಯಾರು, ಯಾವಾಗ ಕೊಯ್ದರು? ಇದನ್ನು ತಿಳಿಯದೆ ಬಿಡಬಾರದೆಂದು ಅಂದಿನಿಂದ ಪುಸ್ತಕಗಳನ್ನು ತಡಕಿದೆ, ಬಲ್ಲವರನ್ನು ಕಾಡಿದೆ. ಹೀಗೆ ತಿಳಿದುಬಂದ ವಿಷಯವನ್ನು ನನ್ನಂತೆ ಮನೆಯಲ್ಲಿ ‘ಓದಿದವರು’ ಎನಿಸಿಕೊಂಡಿರುವ ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವೇ ಮಹಾಪಧಮನಿ. ಹೊರಡುವಲ್ಲಿ ಅದರ ಅಗಲ ಸುಮಾರು ೩ ಸೆಂಟಿಮೀಟರು. ಅದು ಮೊದಲು ಕೊರಳಿನ ಕಡೆಗೆ ಏರಿ, ಕೊಡೆಯ ಹಿಡಿಯಂತೆ ಬಾಗಿ, ಬೆನ್ನುಮೂಳೆಯ ಪಕ್ಕದಲ್ಲಿ ಇಳಿದು, ಹೊಕ್ಕುಳಿನ ಮಟ್ಟದಲ್ಲಿ ಎರಡು ಕಾಲುಗಳಿಗೆ ಎರಡಾಗಿ ಒಡೆಯುವುದು. ದಾರಿಯುದ್ದಕ್ಕೂ ಇದಕ್ಕೆ ಕವಲುಗಳು. ಬುಡದಲ್ಲಿ ಹೃದಯಕ್ಕೇ ರಕ್ತ ಕೊಡುವ ಎರಡು ಕವಲು. ಬಾಗಿನಲ್ಲಿ ಮಿದುಳಿಗೂ ತೋಳುಗಳಿಗೂ ಹೋಗುವ ಕವಲುಗಳು. ಕೆಳಗೆ ಬೆನ್ನುಹುರಿಗೆ, ಕರುಳಿಗೆ, ಮೂತ್ರಪಿಂಡಗಳಿಗೆ ಹೋಗುವವು. ಕೆರೆಯ ತೂಬಿನಿಂದ ಹೊರಟ ಕಾಲುವೆಯು ಊರಿನ ಎಲ್ಲ ಗದ್ದೆಗಳಿಗೂ ನೀರು ಹಂಚುವಂತೆ ಇದು ದೇಹಕ್ಕೆಲ್ಲ ರಕ್ತವನ್ನು ಹಂಚುವುದು. ನಾವು ಸುಮ್ಮನೆ ಕುಳಿತಿರುವಾಗಲೂ ನಿಮಿಷಕ್ಕೆ ಸುಮಾರು ೫ ಲೀಟರು ರಕ್ತ ಇದರಲ್ಲಿ ಹರಿಯುವುದು. ದಿನಕ್ಕೆ ಸುಮಾರು ಒಂದು ಲಕ್ಷ ಬಾರಿ ಹೃದಯದ ಬಡಿತದ ಪೆಟ್ಟನ್ನು ಇದರ ಗೋಡೆ ತಾಳಿಕೊಳ್ಳಬೇಕು.

ಈ ಗೋಡೆಗೆ ಮೂರು ಪದರಗಳಿವೆ. ಒಳಗಿನದು ನಯವಾದ ತೆಳುಪೊರೆ; ನಡುವಿನದು ಹಿಗ್ಗಿ ಕುಗ್ಗುವ ದಪ್ಪ ಪದರ; ಹೊರಗಿನದು ಗಟ್ಟಿಯಾದ ಹೊದಿಕೆ. ಹಳೆಯ ಕೋಟಿನ ಒಳಗಿನ ಅಸ್ತರು ಹರಿದಿದ್ದರೆ ಏನಾಗುವುದೆಂಬುದನ್ನು ನೆನೆಯಿರಿ. ತೋಳಿಗೆ ಹೋಗಬೇಕಾದ ಕೈ ಅಸ್ತರಿನ ಹರಕಿನೊಳಕ್ಕೆ ಹೋಗಿ ಸಿಕ್ಕಿಕೊಳ್ಳುವುದು. ಬಲವಾಗಿ ತಳ್ಳಿದಷ್ಟೂ ಅಸ್ತರು ಬಟ್ಟೆಯಿಂದ ಬಿಟ್ಟುಕೊಳ್ಳುವುದು. ಮಹಾಪಧಮನಿಯಲ್ಲಿ ಆಗುವುದೂ ಇದೇ. ಒಳಪೊರೆ ಒಂದೆಡೆ ಹರಿದರೆ ರಕ್ತವು ಆ ಹರಕಿನಲ್ಲಿ ನುಗ್ಗಿ, ಪದರ ಪದರಗಳನ್ನು ಬಿಡಿಸುತ್ತ, ನಾಳದ ಉದ್ದಕ್ಕೂ ತನಗೊಂದು ಕಳ್ಳದಾರಿಯನ್ನು ಮಾಡಿಕೊಳ್ಳುವುದು. ಹೀಗೆ ಪದರಗಳು ಬಿಚ್ಚಿಕೊಳ್ಳುವುದಕ್ಕೇ ಡಿಸೆಕ್ಷನ್ ಎಂದು ಹೆಸರು. ದೊಡ್ಡಪ್ಪನನ್ನು ಕೊಯ್ದುದು ಅವರ ರಕ್ತವೇ.

ಈ ಕಳ್ಳದಾರಿಯಿಂದ ಎರಡು ಬಗೆಯ ಅನರ್ಥ. ಹೊರಗಿನ ಹೊದಿಕೆಯೂ ಒಡೆದರೆ ರಕ್ತ ಎದೆಯೊಳಕ್ಕೋ ಹೃದಯದ ಸುತ್ತಲಿನ ಚೀಲಕ್ಕೋ ಸುರಿದು ನಿಮಿಷಗಳಲ್ಲಿ ಸಾವು ಬರಬಹುದು. ಒಡೆಯದೆ ಉಳಿದರೂ, ಉಬ್ಬಿದ ಕಳ್ಳದಾರಿಯು ನಿಜವಾದ ದಾರಿಯನ್ನು ಒತ್ತಿ, ಯಾವುದಾದರೂ ಕವಲಿನ ಬಾಯಿಯನ್ನು ಮುಚ್ಚಬಹುದು. ಆಗ ಆ ಕವಲನ್ನು ನಂಬಿದ ಅಂಗಕ್ಕೆ ರಕ್ತವಿಲ್ಲದಾಗುವುದು. ಯಾವ ಕವಲು ಮುಚ್ಚಿತೋ ಆ ಅಂಗದ ರೋಗದಂತೆ ಇದು ಕಾಣಿಸಿಕೊಳ್ಳುವುದು. ವೇಷಗಳ ಗುಟ್ಟೆಲ್ಲ ಇಷ್ಟೇ. ಕಾಲುವೆ ಒಡೆದಿರುವುದು ಮೇಲೆ. ಬೆಳೆ ಒಣಗುವುದು ಕೆಳಗೆ ಯಾರದೋ ಗದ್ದೆಯಲ್ಲಿ. ಒಣಗಿದ ಗದ್ದೆಯನ್ನೇ ನೋಡುತ್ತ ನಿಂತವರಿಗೆ ಕಾಲುವೆಯ ನೆನಪಾಗುವುದಿಲ್ಲ.

ಇದು ಹೊಸ ರೋಗವೇನೂ ಅಲ್ಲ. ೧೭೬೦ನೆಯ ಅಕ್ಟೋಬರ್ ೨೫ರಂದು ಇಂಗ್ಲೆಂಡಿನ ದೊರೆ ಎರಡನೆಯ ಜಾರ್ಜನು ಬೆಳಿಗ್ಗೆ ಎಂದಿನಂತೆ ಎದ್ದು, ಚಾಕೊಲೇಟ್ ಪಾನೀಯ ಕುಡಿದು, ಶೌಚದ ಕೋಣೆಗೆ ಹೋದನು. ಸ್ವಲ್ಪ ಹೊತ್ತಿನಲ್ಲಿ ಬಿದ್ದ ಸದ್ದು ಕೇಳಿ ಸೇವಕನು ಓಡಿದಾಗ ದೊರೆ ನೆಲದ ಮೇಲಿದ್ದನು. ಆಗ ಅವನಿಗೆ ೭೬ ವರ್ಷ. ರಾಜವೈದ್ಯ ಫ್ರಾಂಕ್ ನಿಕೋಲ್ಸನು ದೇಹವನ್ನು ಪರೀಕ್ಷಿಸಿದಾಗ ಹೃದಯದ ಚೀಲದ ತುಂಬ ಹೆಪ್ಪುಗಟ್ಟಿದ ರಕ್ತವೂ ಮಹಾಪಧಮನಿಯ ಒಳಗೋಡೆಯಲ್ಲಿ ಅಡ್ಡಲಾದ ಸೀಳೂ ಕಂಡವು. ಈ ರೋಗದ ಸ್ಪಷ್ಟವಾದ ಮೊದಲ ವರ್ಣನೆಗಳಲ್ಲಿ ಅದೊಂದು. ನೆಲವಾಳುವ ದೊರೆಯ ಶೌಚದ ಕೋಣೆಗೂ ಹಮಾಲಿಯ ಬೀದಿನಲ್ಲಿಗೂ ಈ ರೋಗವು ಭೇದವೆಣಿಸುವುದಿಲ್ಲ.

ವೇಷಗಳನ್ನು ಹೇಳುವ ಮೊದಲು ನಿಜರೂಪವನ್ನು ಹೇಳಬೇಕು. ೧೯೯೬ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಈ ರೋಗಿಗಳ ಒಂದು ಅಂತರರಾಷ್ಟ್ರೀಯ ದಾಖಲೆಯನ್ನು ಆರಂಭಿಸಿದವು. ೨೦೦೦ದಲ್ಲಿ ಪ್ರಕಟವಾದ ಅದರ ಮೊದಲ ವರದಿಯಲ್ಲಿ ೪೬೪ ರೋಗಿಗಳ ವಿವರವಿದೆ. ನೂರರಲ್ಲಿ ಸುಮಾರು ೮೫ ಜನರಿಗೆ ನೋವು ಒಮ್ಮೆಗೇ ಬಂದಿತ್ತು. ನೂರರಲ್ಲಿ ೯೦ ಜನರು ಅದನ್ನು ತೀವ್ರವಾದ, ಅಥವಾ ಹಿಂದೆಂದೂ ಕಾಣದ ನೋವೆಂದು ಹೇಳಿದ್ದರು. ಎದೆಯಲ್ಲಿ ನೋವು ಬಂದವರು ೭೩. ಬೆನ್ನಿನಲ್ಲಿ ಬಂದವರು ೫೩. ಹಲವರಿಗೆ ಎರಡೂ ಕಡೆ. ನೂರರಲ್ಲಿ ೭೨ ಜನರಿಗೆ ಮೊದಲೇ ರಕ್ತದೊತ್ತಡವಿತ್ತು. ಆದುದರಿಂದ ರಕ್ತದೊತ್ತಡವಿರುವ ಹಿರಿಯರೊಬ್ಬರಿಗೆ ಸಿಡಿಲು ಹೊಡೆದಂತೆ ಎದೆಯಲ್ಲೋ ಬೆನ್ನಿನಲ್ಲೋ ನೋವು ಬಂದರೆ ಅದು ಈ ರೋಗದ ನಿಜರೂಪ. ಹೃದಯಾಘಾತದ ನೋವು ಸಾಮಾನ್ಯವಾಗಿ ಕ್ರಮೇಣ ಏರುವುದು. ಇದರ ನೋವು ಹುಟ್ಟುವಾಗಲೇ ಪೂರ್ಣ ಬಲದಲ್ಲಿರುವುದು. ಆದರೆ ಪುಸ್ತಕಗಳು ಬಹುಕಾಲದಿಂದ ಹೇಳುತ್ತ ಬಂದಿರುವ ‘ಸೀಳುವಂತಹ ನೋವು’ ಇದ್ದುದು ಅರ್ಧದಷ್ಟು ಜನರಲ್ಲಿ ಮಾತ್ರ. ನೋವು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿದ್ದು ನೂರರಲ್ಲಿ ಸುಮಾರು ೧೭ ಜನರಲ್ಲಿ ಮಾತ್ರ. ಪುಸ್ತಕದ ಚಿತ್ರದಂತೆಯೇ ರೋಗ ಬರಬೇಕೆಂದು ಕಾದವರು ಮೋಸಹೋಗುವರು.

ಇನ್ನು ವೇಷಗಳು. ಮೊದಲನೆಯದು ಹೃದಯಾಘಾತ. ಸೀಳು ಹಿಂದಕ್ಕೆ, ಅಂದರೆ ಹೃದಯದ ಕಡೆಗೆ ಸಾಗಿ ಬುಡದ ಕವಲನ್ನು, ಅದರಲ್ಲಿಯೂ ಬಲಗಡೆಯದನ್ನು ಮುಚ್ಚಿದರೆ ನಿಜವಾಗಿಯೇ ಹೃದಯಾಘಾತವಾಗುವುದು. ಇ.ಸಿ.ಜಿ.ಯ ಗೆರೆಗಳೂ ಹಾಗೆಯೇ ಸಾಕ್ಷಿ ಹೇಳುವುವು. ಇಲ್ಲಿ ವೇಷವೂ ಸುಳ್ಳಲ್ಲ, ಆದರೆ ಪೂರ್ಣ ಸತ್ಯವೂ ಅಲ್ಲ.

ಎರಡನೆಯದು ಪಾರ್ಶ್ವವಾಯು. ಮಿದುಳಿಗೆ ಹೋಗುವ ಕವಲಿಗೆ ಸೀಳು ಹರಿದರೆ ಬಾಯಿ ಸೊಟ್ಟಗಾಗಿ, ಒಂದು ಕಡೆಯ ಕೈಕಾಲು ಬೀಳುವುದು. ಬಲಗಡೆಯ ಕವಲು ಹೆಚ್ಚಾಗಿ ಸಿಕ್ಕಿಬೀಳುವುದರಿಂದ ಎಡಭಾಗ ಬೀಳುವುದು ಹೆಚ್ಚು. ಮಾತು ನಿಂತ ರೋಗಿಯು ತನಗೆ ಎದೆ ನೋಯುತ್ತಿದೆ ಎಂದು ಹೇಳುವುದಾದರೂ ಹೇಗೆ?

ಮೂರನೆಯದು ಮೂರ್ಛೆ. ನಿಂತವರು ನಿಂತಲ್ಲಿಯೇ ಬಿದ್ದು, ಎದ್ದ ಮೇಲೆ ಚೆನ್ನಾಗಿಯೇ ಕಾಣಿಸಬಹುದು. ಅದೇ ದಾಖಲೆಯ ಮುಂದಿನ ವರದಿಯೊಂದರಲ್ಲಿ ೭೨೮ ರೋಗಿಗಳ ಪೈಕಿ ೯೬ ಜನರು, ಅಂದರೆ ನೂರಕ್ಕೆ ೧೩ ಜನರು ಹೀಗೆ ಮೂರ್ಛೆ ಹೋಗಿದ್ದರು. ಇದು ಒಳ್ಳೆಯ ಸೂಚನೆಯಲ್ಲ. ಹೃದಯದ ಚೀಲಕ್ಕೆ ರಕ್ತ ಇಳಿಯುತ್ತಿರುವುದರ ಗುರುತು ಅದಾಗಿರಬಹುದು.

ನಾಲ್ಕನೆಯದು ಕಾಲಿನ ವೇಷ. ಬೆನ್ನುಹುರಿಗೆ ಹೋಗುವ ಸಣ್ಣ ಕವಲುಗಳು ಮುಚ್ಚಿದರೆ ಎರಡು ಕಾಲೂ ಒಟ್ಟಿಗೆ ಬೀಳಬಹುದು. ಕಾಲಿಗೇ ಹೋಗುವ ನಾಳ ಮುಚ್ಚಿದರೆ ಒಂದು ಕಾಲು ಜೋಮುಗಟ್ಟಿ ತಣ್ಣಗಾಗುವುದು. ನಮ್ಮ ಮನೆಗೆ ಬಂದುದು ಈ ವೇಷವೇ. ಬೆನ್ನುಮೂಳೆಯ ತೊಂದರೆಯೆಂದೋ ಉಳುಕೆಂದೋ ಇದನ್ನು ತಿಳಿಯುವುದು ಬಹಳ ಸುಲಭ. ಉಳುಕಿದ ಕಾಲು ತಣ್ಣಗಾಗುವುದಿಲ್ಲ, ಅದರ ನಾಡಿ ನಿಲ್ಲುವುದಿಲ್ಲ ಎಂಬುದು ನಮಗೆ ಆಗ ತಿಳಿದಿರಲಿಲ್ಲ.

ಐದನೆಯದು ಹೊಟ್ಟೆನೋವು. ಕರುಳಿನ ಕವಲು ಸಿಕ್ಕಿಬಿದ್ದರೆ ಹೊಟ್ಟೆ ಕಿವುಚುವ ನೋವು, ವಾಂತಿ. ಕೈಯಿಂದ ಒತ್ತಿ ನೋಡಿದರೆ ಹೊಟ್ಟೆ ಮೆತ್ತಗೇ ಇರುವುದು. ರೋಗಿ ಮಾತ್ರ ಹೊರಳಾಡುತ್ತಿರುವನು. ನಮ್ಮ ಕಡೆ ಇದಕ್ಕೆ ‘ಗ್ಯಾಸ್’ ಎಂಬ ಒಂದೇ ಹೆಸರು. ಆ ಮಾತು ಎಷ್ಟು ರೋಗಗಳನ್ನು ತನ್ನ ಸೆರಗಿನಲ್ಲಿ ಮುಚ್ಚಿಕೊಂಡಿದೆಯೋ ಹೇಳುವವರಾರು?

ಇನ್ನು ಅಪರೂಪದ ವೇಷಗಳೂ ಉಂಟು. ಧ್ವನಿಪೆಟ್ಟಿಗೆಗೆ ಹೋಗುವ ಎಡಗಡೆಯ ನರವು ಮಹಾಪಧಮನಿಯ ಬಾಗಿನ ಕೆಳಗೆ ಸುತ್ತಿಕೊಂಡು ಹೋಗುವುದು. ಆ ಬಾಗು ಉಬ್ಬಿ ನರವನ್ನು ಒತ್ತಿದರೆ ದನಿ ಒಡೆಯುವುದು. ಕೆಲವರಿಗೆ ನೋವು ಗಂಟಲಿನಲ್ಲಿ, ದವಡೆಯಲ್ಲಿ ಕಾಣಿಸಿಕೊಳ್ಳುವುದು. ಹೃದಯದ ಬಾಗಿಲಿನಂತಿರುವ ಕವಾಟ ಸಡಿಲವಾಗಿ ಉಬ್ಬಸ ಬರುವುದೂ ಉಂಟು. ಎಲ್ಲಕ್ಕಿಂತಲೂ ವಿಚಿತ್ರವಾದುದು ನೋವೇ ಇಲ್ಲದ ಸೀಳು. ೯೭೭ ರೋಗಿಗಳ ಲೆಕ್ಕದಲ್ಲಿ ೬೩ ಜನರಿಗೆ ನೋವೇ ಇರಲಿಲ್ಲ. ಅಂಥವರಲ್ಲಿ ಮೂರ್ಛೆಯೋ ಪಾರ್ಶ್ವವಾಯುವೋ ಉಬ್ಬಸವೋ ಒಂದೇ ಸುಳಿವು.

ತಪ್ಪು ತಿಳಿದರೆ ಬರುವ ನಷ್ಟ ಬರಿಯ ಹೊತ್ತಿನದಷ್ಟೇ ಎಂದು ತಿಳಿಯಬಾರದು. ಹೃದಯಾಘಾತಕ್ಕೂ ಹಲವು ಬಗೆಯ ಪಾರ್ಶ್ವವಾಯುವಿಗೂ ರಕ್ತ ಹೆಪ್ಪುಗಟ್ಟದಂತೆ ಮಾಡುವ, ಇಲ್ಲವೆ ಕಟ್ಟಿದ ಹೆಪ್ಪನ್ನು ಕರಗಿಸುವ ಔಷಧಗಳನ್ನು ಕೊಡುವರು. ಅಲ್ಲಿ ಅವು ಸಂಜೀವಿನಿ. ಆದರೆ ಒಡೆಯುವ ಹಂತದಲ್ಲಿರುವ ಮಹಾಪಧಮನಿಗೆ ಅವೇ ಮೃತ್ಯು. ಹೊತ್ತಿನ ನಷ್ಟವೂ ಸಣ್ಣದಲ್ಲ. ಹೃದಯದ ಬಳಿಯ ಭಾಗ ಸೀಳಿದಾಗ ಚಿಕಿತ್ಸೆಯಿಲ್ಲದೆ ಕಳೆದ ಪ್ರತಿ ಗಂಟೆಗೆ ನೂರಕ್ಕೆ ಒಬ್ಬರಿಬ್ಬರು ಸಾಯುವರೆಂದು ಹಿಂದಿನ ಲೆಕ್ಕ. ಇತ್ತೀಚಿನ ಲೆಕ್ಕದಂತೆ ಗಂಟೆಗೆ ಇನ್ನೂರಕ್ಕೆ ಒಬ್ಬರು. ಹೇಗೆ ಎಣಿಸಿದರೂ ಗಡಿಯಾರವು ರೋಗಿಯ ಪಕ್ಷದಲ್ಲಿಲ್ಲ.

ಇದಕ್ಕೆ ಲೋಕದಲ್ಲಿ ಹೆಸರಾದ ನಿದರ್ಶನಗಳಿವೆ. ಅಮೆರಿಕದ ನಾಟಕಕಾರ, ಸಂಗೀತಗಾರ ಜೊನಾಥನ್ ಲಾರ್ಸನ್ನನಿಗೆ ೧೯೯೬ರ ಜನವರಿಯಲ್ಲಿ ಎದೆನೋವು ಬಂದಿತು. ಕೆಲವೇ ದಿನಗಳಲ್ಲಿ ಎರಡು ಬಾರಿ ಆಸ್ಪತ್ರೆಗೆ ಹೋದನು. ಒಮ್ಮೆ ಆಹಾರದ ವಿಷವೆಂದರು, ಇನ್ನೊಮ್ಮೆ ವೈರಸ್ ಜ್ವರವೆಂದರು. ಅವನ ‘ರೆಂಟ್’ ಎಂಬ ಸಂಗೀತ ನಾಟಕದ ಮೊದಲ ಪ್ರದರ್ಶನ ನಡೆಯಬೇಕಾಗಿದ್ದ ದಿನ, ಜನವರಿ ೨೫ರ ನಸುಕಿನಲ್ಲಿ, ಅವನು ಮನೆಯಲ್ಲಿಯೇ ತೀರಿಕೊಂಡನು. ವಯಸ್ಸು ೩೫. ಆ ನಾಟಕಕ್ಕೆ ಅದೇ ವರ್ಷ ಪುಲಿಟ್ಜರ್ ಬಹುಮಾನ ಬಂದಿತು, ಪಡೆಯಲು ಅವನಿರಲಿಲ್ಲ. ೨೦೦೩ರ ಸೆಪ್ಟೆಂಬರ್ ೧೧ರಂದು ನಟ ಜಾನ್ ರಿಟ್ಟರ್ ಚಿತ್ರೀಕರಣದ ನಡುವೆ ಅಸ್ವಸ್ಥನಾದನು. ಹೃದಯಾಘಾತವೆಂದು ಚಿಕಿತ್ಸೆ ನಡೆಯಿತು. ಅಂದೇ ಅವನು ಸತ್ತನು. ಕುಟುಂಬದವರು ವೈದ್ಯರ ಮೇಲೆ ದಾವೆ ಹೂಡಿದರು. ೨೦೦೮ರಲ್ಲಿ ನ್ಯಾಯಾಲಯದ ಪಂಚರು ವೈದ್ಯರದು ತಪ್ಪಲ್ಲವೆಂದರು. ಈ ತೀರ್ಪು ನನಗೆ ಬಹುದಿನ ಯೋಚನೆಗೆ ಹಚ್ಚಿತು. ತಪ್ಪಿತಸ್ಥರಿಲ್ಲದೆಯೂ ಪ್ರಾಣ ಹೋಗುವಷ್ಟು ಈ ರೋಗದ ವೇಷ ಗಟ್ಟಿಯಾದುದು.

ಹಿರಿಯರಿಗಷ್ಟೇ ಬರುವುದೆಂದೂ ತಿಳಿಯುವಂತಿಲ್ಲ. ೧೯೮೬ರ ಜನವರಿ ೨೪ರಂದು ಜಪಾನಿನಲ್ಲಿ ಪಂದ್ಯ ನಡೆಯುತ್ತಿದ್ದಾಗ ಅಮೆರಿಕದ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ ಅಂಕಣದ ಪಕ್ಕದಲ್ಲಿಯೇ ಕುಸಿದು ಸತ್ತಳು. ವಯಸ್ಸು ೩೧. ಆರಡಿ ಮೀರಿದ ಎತ್ತರದ ಆಕೆಗೆ ಮಾರ್ಫಾನ್ ಎಂಬ ಹುಟ್ಟುದೋಷವಿದ್ದುದು ಸತ್ತ ಮೇಲೆ ತಿಳಿಯಿತು. ೧೮೯೬ರಲ್ಲಿ ಫ್ರಾನ್ಸಿನ ವೈದ್ಯ ಮಾರ್ಫಾನ್ ವರ್ಣಿಸಿದ ದೋಷವಿದು. ಇಂಥವರು ಬಹಳ ಎತ್ತರ. ಕೈಕಾಲು, ಬೆರಳುಗಳು ನೀಳ. ಮಹಾಪಧಮನಿಯ ಗೋಡೆ ಹುಟ್ಟಿನಿಂದಲೇ ದುರ್ಬಲ. ಆಕೆಯ ಸಾವಿನ ನಂತರ ತಮ್ಮನನ್ನು ಪರೀಕ್ಷಿಸಿದಾಗ ಅವನಿಗೂ ಅದೇ ದೋಷ ಕಂಡುಬಂದು, ಶಸ್ತ್ರಚಿಕಿತ್ಸೆಯಾಗಿ ಅವನು ಉಳಿದುಕೊಂಡನು. ಒಂದು ಮನೆಯ ಸಾವು ಅದೇ ಮನೆಯ ಇನ್ನೊಂದು ಪ್ರಾಣಕ್ಕೆ ಎಚ್ಚರಿಕೆಯಾಯಿತು.

ಇಲ್ಲಿ ವೈದ್ಯರ ಕಡೆಯ ಮಾತನ್ನೂ ಹೇಳಬೇಕಾದುದು ಧರ್ಮ. ಪಾಶ್ಚಾತ್ಯ ದೇಶಗಳ ಲೆಕ್ಕದಂತೆ ವರ್ಷಕ್ಕೆ ಲಕ್ಷ ಜನರಲ್ಲಿ ಮೂರರಿಂದ ಆರು ಜನರಿಗೆ ಈ ರೋಗ ಬರುವುದು. ಎದೆನೋವು, ಬೆನ್ನುನೋವು, ಹೊಟ್ಟೆನೋವು ಎಂದು ಬರುವವರೋ ಅಸಂಖ್ಯಾತರು. ರಾಗಿಯ ಕಣದಲ್ಲಿ ಒಂದು ಸಾಸಿವೆ ಕಾಳನ್ನು ಹುಡುಕಿದಂತೆ. ಎದೆಯ ಎಕ್ಸ್-ರೇಯಲ್ಲಿ ಮಹಾಪಧಮನಿ ಅಗಲವಾಗಿ ಕಾಣಿಸಬಹುದು. ಆದರೆ ಮೇಲೆ ಹೇಳಿದ ವರದಿಯಲ್ಲಿ ನೂರಕ್ಕೆ ೧೨ ಜನರ ಎಕ್ಸ್-ರೇ ಏನೂ ದೋಷವಿಲ್ಲದಂತಿತ್ತು. ನಿಶ್ಚಯವಾಗಿ ತೋರಿಸಬಲ್ಲುದು ರಕ್ತನಾಳಕ್ಕೆ ಬಣ್ಣದ ಔಷಧವನ್ನು ಬಿಟ್ಟು ತೆಗೆಯುವ ಸಿ.ಟಿ. ಸ್ಕ್ಯಾನ್. ಅನ್ನನಾಳದ ಮೂಲಕ ಮಾಡುವ ಶ್ರವಣಾತೀತ ಧ್ವನಿಯ ಪರೀಕ್ಷೆಯೂ ಉಂಟು. ಬೆನ್ನು ನೋಯುವವರಿಗೆಲ್ಲ ಸ್ಕ್ಯಾನ್ ಮಾಡಿಸಲು ಸಾಧ್ಯವೆ? ಹಣದ ಮಾತು ಹಾಗಿರಲಿ, ಆ ಕಿರಣಗಳಿಂದಲೂ ಬಣ್ಣದ ಔಷಧದಿಂದಲೂ ಅಪಾಯವುಂಟು. ಆದುದರಿಂದ ಮೊದಲು ಸಂಶಯ ಹುಟ್ಟಬೇಕು, ಆಮೇಲೆ ಸ್ಕ್ಯಾನ್.

ಸಂಶಯ ಹುಟ್ಟಿಸುವ ಮೂರು ಬಗೆಯ ಸುಳಿವುಗಳನ್ನು ವೈದ್ಯರು ಗೊತ್ತುಮಾಡಿಕೊಂಡಿದ್ದಾರೆ. ರೋಗಿಯ ಹಿನ್ನೆಲೆ ಮೊದಲನೆಯದು: ಮಾರ್ಫಾನಿನಂತಹ ದೋಷ, ವಂಶದಲ್ಲಿ ಈ ರೋಗ, ಮಹಾಪಧಮನಿಯ ಅಥವಾ ಅದರ ಕವಾಟದ ಹಳೆಯ ತೊಂದರೆ. ನೋವಿನ ಸ್ವಭಾವ ಎರಡನೆಯದು: ಒಮ್ಮೆಗೇ ಬಂದಿತೆ, ತೀವ್ರವೆ, ಸೀಳಿದಂತಿತ್ತೆ? ದೇಹದ ಪರೀಕ್ಷೆ ಮೂರನೆಯದು: ಎರಡು ತೋಳುಗಳ ಬಿ.ಪಿ.ಯಲ್ಲಿ ೨೦ಕ್ಕಿಂತ ಹೆಚ್ಚು ಅಂತರವಿದೆಯೆ, ಎಲ್ಲಿಯಾದರೂ ನಾಡಿ ಸಿಕ್ಕುತ್ತಿಲ್ಲವೆ, ನೋವಿನ ಜೊತೆಗೆ ಕೈಕಾಲು ಬಿದ್ದಿದೆಯೆ? ಎದೆಗೂ ಕಾಲಿಗೂ ಏನು ಸಂಬಂಧ, ಬೆನ್ನಿಗೂ ಮಾತು ತೊದಲುವುದಕ್ಕೂ ಏನು ಸಂಬಂಧ ಎಂದು ಒಂದಕ್ಕೊಂದು ಹೊಂದದ ಎರಡು ತೊಂದರೆಗಳು ಒಟ್ಟಿಗೆ ಬಂದಾಗ, ಎರಡನ್ನೂ ಕೂಡಿಸುವ ಕಾಲುವೆಯನ್ನು ನೆನೆಯಬೇಕು. ಇವುಗಳಲ್ಲಿ ಒಂದನ್ನು ಬಿಟ್ಟು ಉಳಿದೆರಡಕ್ಕೂ ಬೇಕಾದುದು ಯಂತ್ರವಲ್ಲ, ರೋಗಿಯ ಮಾತು.

ಚಿಕಿತ್ಸೆ ಇಲ್ಲದ ರೋಗವಲ್ಲ ಇದು. ಹೃದಯದಿಂದ ಏರುವ ಭಾಗ ಸೀಳಿದ್ದರೆ ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿ, ಆ ಭಾಗಕ್ಕೆ ಬದಲು ನೇಯ್ದ ಬಟ್ಟೆಯ ಕೊಳವೆಯನ್ನು ಹೊಲಿಯುವರು. ಕೆಳಗಿಳಿಯುವ ಭಾಗ ಮಾತ್ರ ಸೀಳಿದ್ದರೆ ಬಹುಮಟ್ಟಿಗೆ ಔಷಧಗಳಿಂದಲೇ ನಾಡಿಯ ವೇಗವನ್ನೂ ರಕ್ತದ ಒತ್ತಡವನ್ನೂ ಇಳಿಸಿ ಸೀಳು ಮುಂದುವರಿಯದಂತೆ ತಡೆಯುವರು. ಕವಲು ಮುಚ್ಚಿದ್ದರೆ ತೊಡೆಯ ನಾಳದಿಂದ ಕೊಳವೆಯನ್ನು ಒಳಕ್ಕೆ ಕಳುಹಿಸಿ ದಾರಿ ತೆರೆಯುವರು. ಈ ಶಸ್ತ್ರಚಿಕಿತ್ಸೆಯ ದಾರಿ ತೆರೆದವರಲ್ಲಿ ಮುಖ್ಯನಾದವನು ಅಮೆರಿಕದ ಮೈಕೇಲ್ ಡಿಬೇಕಿ. ಅವನು ತನ್ನ ಸಂಗಡಿಗರೊಡನೆ ೧೯೫೫ರಲ್ಲಿ ಇದರ ವಿವರವನ್ನು ಪ್ರಕಟಿಸಿದನು. ಮೊದಮೊದಲ ಡೇಕ್ರಾನ್ ಕೊಳವೆಗಳನ್ನು ಅವನು ಹೊಲಿದುದು ಹೆಂಡತಿಯ ಹೊಲಿಗೆಯಂತ್ರದಲ್ಲಿ. ಇಂತಹ ಡಿಬೇಕಿಗೇ ೨೦೦೫ರ ಡಿಸೆಂಬರ್ ೩೧ರಂದು, ೯೭ನೆಯ ವಯಸ್ಸಿನಲ್ಲಿ, ಈ ರೋಗ ಬಂದಿತು. ಮೊದಲ ಗಳಿಗೆಯಲ್ಲಿ ಅವನೂ ಹೃದಯಾಘಾತವೆಂದೇ ತಿಳಿದನು! ಬಳಿಕ ತಾನೇ ನಿಜವನ್ನು ಊಹಿಸಿದನು. ೨೦೦೬ರ ಫೆಬ್ರವರಿಯಲ್ಲಿ ಅವನ ಜೊತೆಗಾರರೇ ಅವನಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಅವನು ೨೦೦೮ರ ಜುಲೈವರೆಗೆ ಬದುಕಿದನು. ಆ ರೋಗದ ಗುರುವಿನ ಮುಂದೆಯೂ ಅದು ಒಂದು ಕ್ಷಣ ವೇಷ ಹಾಕಿ ನಿಂತಿತೆಂದ ಮೇಲೆ ನಮ್ಮಂಥವರ ಪಾಡೇನು?

ನಮ್ಮಂಥವರು ಮಾಡಬಹುದಾದುದೂ ಇದೆ. ಮನೆಯಲ್ಲಿ ರಕ್ತದೊತ್ತಡವಿರುವವರು ಮಾತ್ರೆ ಬಿಡದಂತೆ ನೋಡಿಕೊಳ್ಳುವುದು ಒಂದು. ‘ಚೆನ್ನಾಗಿದ್ದೀನಿ’ ಎಂಬುದು ಮಾತ್ರೆಯ ಗುಣ; ಮಾತ್ರೆ ಬಿಡಲು ಅದು ಕಾರಣವಲ್ಲ. ಒಮ್ಮೆಗೇ ತೀವ್ರವಾದ ನೋವು ಬಂದವರಿಗೆ ಎಣ್ಣೆ ತಿಕ್ಕುತ್ತ ಕೂಡದೆ ೧೦೮ಕ್ಕೆ ಫೋನು ಮಾಡುವುದು ಇನ್ನೊಂದು. ನೋವು ಇಳಿಯಿತೆಂದು ನಂಬಬಾರದು. ಇದರ ನೋವು ನಡುವೆ ಇಳಿದು ಮತ್ತೆ ಬರುವುದುಂಟು. ಮೂರನೆಯದು, ಈ ಲೇಖನಕ್ಕೆ ಕಾರಣವಾದುದು: ರೋಗಿಯ ಮಾತನ್ನು ಹಾಗೆಯೇ ವೈದ್ಯರಿಗೆ ಮುಟ್ಟಿಸುವುದು. ಎಷ್ಟು ಗಂಟೆಗೆ, ಏನು ಮಾಡುತ್ತಿದ್ದಾಗ, ಎಲ್ಲಿ ಶುರುವಾಗಿ ಎಲ್ಲಿಗೆ ಹೋಯಿತು, ಜೊತೆಗೆ ಏನು ಕೆಟ್ಟಿತು. ರೋಗದ ಹೆಸರನ್ನು ನಾವು ಹೇಳುವುದು ಬೇಡ.

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ನಮ್ಮ ಹಿರಿಯರ ಗಾದೆ. ರೋಗ ಬಂದಾಗಲೂ ಮಾತು ಬೇಕು ಎಂಬುದನ್ನು ನಾನು ತಡವಾಗಿ ಕಲಿತೆ. ಅಂದು ಬೆಳಿಗ್ಗೆ ನಲ್ಲಿಯ ಬಳಿ ದೊಡ್ಡಪ್ಪ ಆಡಿದ ಮೂರು ವಾಕ್ಯಗಳನ್ನು ಈಗ ಓದಿ ನೋಡಿ. ಒಮ್ಮೆಗೇ ಬಂದ ನೋವು, ಬೆನ್ನಿನಿಂದ ಸೊಂಟಕ್ಕೆ ಇಳಿದ ನೋವು, ಸತ್ತ ಕಾಲು, ವೈದ್ಯಗ್ರಂಥಗಳು ಕೇಳುವುದೆಲ್ಲವೂ ಅದರಲ್ಲಿತ್ತು. ಓದುಬರಹವಿಲ್ಲದ ಅವರು ತಮ್ಮ ರೋಗವನ್ನು ಸರಿಯಾಗಿಯೇ ಹೇಳಿದ್ದರು. ಅದನ್ನು ತಿದ್ದಿ, ಅಚ್ಚುಕಟ್ಟು ಮಾಡಿ, ‘ಉಳುಕು’ ಎಂದು ಹೇಳಿದವಳು ಬಿ.ಎ. ಓದುತ್ತಿದ್ದ ನಾನು. ಹಾಗೆಯೇ ಹೇಳಿದ್ದರೆ ಕಾಲು ಉಳಿಯುತ್ತಿತ್ತೆ? ಈ ಪ್ರಶ್ನೆಯನ್ನು ಬೆಂಗಳೂರಿನ ವೈದ್ಯರಲ್ಲಿ ಕೇಳಿದೆ. ಅವರು ನನ್ನ ಮುಖ ನೋಡಿ, “ಈಗ ಮಾತ್ರೆ ತಪ್ಪಿಸಬೇಡಿಯಮ್ಮ” ಎಂದಷ್ಟೇ ಹೇಳಿದರು.

ದೊಡ್ಡಪ್ಪ ಈಗ ಮಂಡಿಯ ಬಾಗಿಲಲ್ಲಿ ಕುಳಿತು ಚೀಲಗಳ ಲೆಕ್ಕ ಹಿಡಿಯುತ್ತಾರೆ. ಮಾತ್ರೆಯನ್ನು ನಾನೇ ಎಣಿಸಿ ಕೊಡುತ್ತೇನೆ. ನನ್ನ ಮೇಲೆ ಅವರಿಗೆ ಕೋಪವಿಲ್ಲ. “ನೀನು ಓದಿದೋಳು” ಎಂದು ಈಗಲೂ ಎಲ್ಲ ಕಡೆ ನನ್ನನ್ನೇ ಮುಂದೆ ಬಿಡುತ್ತಾರೆ. ಹಾಗೆ ಮುಂದೆ ನಿಲ್ಲುವಾಗಲೆಲ್ಲ ನಾನು ಮೊದಲು ಹಿಂದಿರುಗಿ, “ನೀವೇ ಹೇಳಿ ದೊಡ್ಡಪ್ಪ, ಹೇಗಾಯಿತು?” ಎಂದು ಕೇಳುತ್ತೇನೆ.

ನಾನು ವೈದ್ಯಕೀಯ ಓದಿದವಳಲ್ಲ. ಈ ಬರೆಹದಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕೆಂದು ವಿನಂತಿ.